ಗುದ್ದಿದ್ದೆಲ್ಲ ತಪ್ಪಲ್ಲ: ಅಮೆರಿಕನ್ ಫುಟ್ಬಾಲ್‌ನಲ್ಲಿ ಗೆರೆ ಎಲ್ಲಿದೆ?

2023ರ ಜನವರಿ 2. ಸಿನ್ಸಿನಾಟಿಯ ಮೈದಾನ. ಬಫಲೊ ಬಿಲ್ಸ್ ತಂಡದ ಡ್ಯಾಮರ್ ಹ್ಯಾಮ್ಲಿನ್ ಚೆಂಡು ಹಿಡಿದು ಓಡಿ ಬರುತ್ತಿದ್ದ ಎದುರಾಳಿಯನ್ನು ಅಡ್ಡಗಟ್ಟಿ ಕೆಡವಿದರು. ಎದ್ದು ನಿಂತರು. ಮರುಕ್ಷಣವೇ ಅಂಗಾತ ಬಿದ್ದರು. ಎದೆಗೆ ಬಿದ್ದ ಪೆಟ್ಟಿಗೆ ಹೃದಯ ನಿಂತುಹೋಗಿತ್ತು. ಮೈದಾನದಲ್ಲೇ ಎದೆ ಒತ್ತಿ ಅವರನ್ನು ಉಳಿಸಿಕೊಂಡರು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಇಷ್ಟಾದರೂ ಆ ಡಿಕ್ಕಿಯಲ್ಲಿ ಯಾರ ತಪ್ಪೂ ಇರಲಿಲ್ಲ. ಪ್ರತಿ ಪಂದ್ಯದಲ್ಲೂ ಹತ್ತಾರು ಸಲ ನಡೆಯುವಂಥ ಮಾಮೂಲಿ ಟ್ಯಾಕಲ್ ಅದು.

2024ರ ಡಿಸೆಂಬರ್ 1. ಜಾಕ್ಸನ್‌ವಿಲ್. ಚೆಂಡು ಹಿಡಿದು ಓಡುತ್ತಿದ್ದ ಟ್ರೆವರ್ ಲಾರೆನ್ಸ್ ಇನ್ನು ಸಾಕು ಎಂದು ಕಾಲು ಮುಂದೆ ಚಾಚಿ ನೆಲಕ್ಕೆ ಜಾರಿದರು. ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಅಜೀಜ್ ಅಲ್-ಶಾಯಿರ್ ಓಡಿಬಂದು ಮುಂಗೈಯಿಂದ ಅವರ ತಲೆಗೆ ಅಪ್ಪಳಿಸಿದರು. ಅಲ್-ಶಾಯಿರ್ ಅವರನ್ನು ಆಗಲೇ ಮೈದಾನದಿಂದ ಹೊರಗೆ ಕಳಿಸಿದರು. ಆಮೇಲೆ ಮೂರು ಪಂದ್ಯ ಅಮಾನತು, ಅದೂ ಸಂಬಳವಿಲ್ಲದೆ.

ಒಂದರಲ್ಲಿ ಜೀವವೇ ಹೋಗುವ ಹಾಗಿತ್ತು, ಶಿಕ್ಷೆ ಇಲ್ಲ. ಇನ್ನೊಂದರಲ್ಲಿ ತಲೆಗೆ ಏಟು, ಕಠಿಣ ಶಿಕ್ಷೆ. ಹೊರಗಿನವರಿಗೆ ಇದು ತಲೆಬುಡ ಇಲ್ಲದ ಲೆಕ್ಕ ಅನ್ನಿಸಬಹುದು.

ಈ ಆಟ ನಮಗೆ ದೂರದ್ದು, ನಿಜ. ಆದರೆ ಇದರ ತುಣುಕುಗಳು ಈಗ ನಮ್ಮ ಫೋನಿಗೂ ಬರುತ್ತವೆ, ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗಾಗಿ ಸೋಮವಾರ ಬೆಳಗ್ಗೆ 5 ಗಂಟೆಗೆ ಅಲಾರಂ ಇಟ್ಟು ಏಳುವವರು ಬೆಂಗಳೂರಿನಲ್ಲೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ಕನ್ನಡಿಗರ ಮನೆಯಲ್ಲಂತೂ ಹೈಸ್ಕೂಲಿನ ಮಗ "ಟೀಮಿಗೆ ಸೇರ್ತೀನಿ" ಅಂದ ದಿನವೇ ಇದು ಮನೆಯ ವಿಷಯವಾಗುತ್ತದೆ. ಹಾಗಾಗಿ ಬುಡದಿಂದಲೇ ನೋಡೋಣ.

ಆಟ ನಡೆಯುವುದು ಹೀಗೆ

ಒಂದು ಕಡೆ 11 ಜನ, ಇನ್ನೊಂದು ಕಡೆ 11 ಜನ. ಮೈದಾನ 100 ಯಾರ್ಡ್ ಉದ್ದ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಕನಿಷ್ಠ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಗೆ.

ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ದೂರ ಓಡಿಹೋಗಿ ಆ ಚೆಂಡನ್ನು ಹಿಡಿಯುವವನು ರಿಸೀವರ್. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದು ಟ್ಯಾಕಲ್. ಚೆಂಡು ಇಲ್ಲದವರು ಒಬ್ಬರನ್ನೊಬ್ಬರು ತಳ್ಳಿ ದಾರಿ ಬಿಡಿಸುವುದು ಬ್ಲಾಕ್. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಅಂದರೆ ಮೈಗೆ ಮೈ ತಾಗುವುದು ಇಲ್ಲಿ ಅಪಘಾತವಲ್ಲ, ಅದೇ ಆಟ. ನಮ್ಮ ಕಬಡ್ಡಿಯನ್ನು ನೆನಪಿಸಿಕೊಳ್ಳಿ. ರೈಡರ್‌ನ ಕಾಲು ಹಿಡಿಯಬಹುದು, ಸೊಂಟ ಹಿಡಿಯಬಹುದು, ಏಳು ಜನ ಸೇರಿ ಮೈಮೇಲೆ ಬೀಳಬಹುದು. ಅದು ಆಟ. ಬಾಯಿ ಮುಚ್ಚಿ ಉಸಿರು ಕಟ್ಟಿಸುವ ಹಾಗಿಲ್ಲ, ಕಾಲುಗಳನ್ನು ಕತ್ತರಿ ಮಾಡಿ ಸಿಕ್ಕಿಸುವ ಹಾಗಿಲ್ಲ. ಅದು ಫೌಲ್. ಎಷ್ಟು ಬಲ ಹಾಕಿದೆ ಎಂದು ಅಂಪೈರ್ ಕೇಳುವುದಿಲ್ಲ. ಎಲ್ಲಿ ಹಿಡಿದೆ, ಹೇಗೆ ಹಿಡಿದೆ ಎಂದು ನೋಡುತ್ತಾನೆ. ಅಮೆರಿಕನ್ ಫುಟ್ಬಾಲ್‌ನಲ್ಲೂ ಹೀಗೆಯೇ. ಆದರೆ ಇಲ್ಲಿ ನೂರು ಕಿಲೋ ಮೇಲಿನವರು ಹೆಲ್ಮೆಟ್ ತೊಟ್ಟು ಪೂರಾ ವೇಗದಲ್ಲಿ ಬರುತ್ತಾರೆ. ಅದಕ್ಕೇ ನಿಯಮಪುಸ್ತಕ ದಪ್ಪ.

ಜೋರು ಎಷ್ಟು ಅನ್ನುವುದು ಪ್ರಶ್ನೆಯೇ ಅಲ್ಲ

ಹೊಸದಾಗಿ ನೋಡುವವರು ಮೊದಲು ಎಡವುವುದು ಇಲ್ಲೇ. ಶಬ್ದ ಜೋರಾಗಿ ಕೇಳಿದರೆ, ಬಿದ್ದವನು ಏಳದಿದ್ದರೆ ಅದು ತಪ್ಪೇ ಇರಬೇಕು ಅಂದುಕೊಳ್ಳುತ್ತೇವೆ. ನಿಯಮ ಹಾಗೆ ಯೋಚಿಸುವುದಿಲ್ಲ. ಭುಜವನ್ನು ಎದುರಾಳಿಯ ಎದೆಗೋ ಹೊಟ್ಟೆಗೋ ಕೊಟ್ಟು, ತೋಳಿನಿಂದ ಸುತ್ತಿ ಹಿಡಿದು, ಅವನನ್ನು ಎರಡು ಯಾರ್ಡ್ ಹಿಂದಕ್ಕೆ ಎಸೆದರೂ ಅದು ಸರಿಯಾದ ಟ್ಯಾಕಲ್. ಕೋಚ್ ಬೆನ್ನು ತಟ್ಟುತ್ತಾನೆ. ಅದರ ಕಾಲು ಭಾಗದ ಬಲದಲ್ಲಿ ಹೆಲ್ಮೆಟ್ಟಿನ ಮುಂದಿನ ಕಂಬಿ ಹಿಡಿದು ತಿರುಚಿದರೆ 15 ಯಾರ್ಡ್ ದಂಡ, ಅಂದರೆ ತಪ್ಪು ಮಾಡಿದ ತಂಡ ಮೈದಾನದಲ್ಲಿ ಅಷ್ಟು ದೂರ ಕಳೆದುಕೊಳ್ಳುತ್ತದೆ.

ಮೈದಾನದಲ್ಲಿ ಏಳು ಜನ ಅಧಿಕಾರಿಗಳಿರುತ್ತಾರೆ. ತಪ್ಪು ಕಂಡರೆ ಹಳದಿ ಬಟ್ಟೆ ಎಸೆಯುತ್ತಾರೆ. ಅದನ್ನೇ ಫ್ಲ್ಯಾಗ್ ಅನ್ನುವುದು. ಅವರು ನೋಡುವುದು ಮುಖ್ಯವಾಗಿ ನಾಲ್ಕು ಸಂಗತಿ. ಏಟು ಎಲ್ಲಿಗೆ ಬಿತ್ತು: ತಲೆ, ಕುತ್ತಿಗೆ ಮತ್ತು ಹಲವು ಸಂದರ್ಭಗಳಲ್ಲಿ ಮಂಡಿಯಿಂದ ಕೆಳಗೆ ಬಿದ್ದರೆ ಅಪಾಯ. ಯಾವುದರಿಂದ ಬಿತ್ತು: ಭುಜವಾದರೆ ಸಾಮಾನ್ಯವಾಗಿ ಸರಿ, ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದಿದರೆ ತಪ್ಪು. ಯಾವಾಗ ಬಿತ್ತು: ಸೀಟಿ ಊದಿದ ಮೇಲೆ, ಗೆರೆ ದಾಟಿದ ಮೇಲೆ, ಚೆಂಡು ಕೈಬಿಟ್ಟ ಮೇಲೆ ಬಿದ್ದರೆ ಅದು ತಡವಾದ ಏಟು. ನಾಲ್ಕನೆಯದು, ಯಾರಿಗೆ ಬಿತ್ತು ಎಂಬುದು. ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು.

ತನ್ನನ್ನು ಕಾಪಾಡಿಕೊಳ್ಳಲಾಗದವನು

ಏಟು ಬರುತ್ತಿದೆ ಎಂದು ಗೊತ್ತಿದ್ದರೆ ಮೈ ಬಿಗಿ ಮಾಡುತ್ತೇವೆ, ಕುತ್ತಿಗೆ ಒಳಗೆಳೆದುಕೊಳ್ಳುತ್ತೇವೆ. ಗೊತ್ತಿಲ್ಲದಿದ್ದರೆ ಅದೇ ಏಟು ಹತ್ತು ಪಟ್ಟು ಕೆಟ್ಟದು. ನಿಯಮಪುಸ್ತಕದಲ್ಲಿ ಇಂಥವರದೇ ಒಂದು ಪಟ್ಟಿ ಇದೆ. ಚೆಂಡು ಎಸೆಯುವ ಭಂಗಿಯಲ್ಲಿರುವ ಕ್ವಾರ್ಟರ್‌ಬ್ಯಾಕ್, ಗಾಳಿಯಲ್ಲಿ ಕೈ ಚಾಚಿ ಚೆಂಡು ಹಿಡಿಯುತ್ತಿರುವ ರಿಸೀವರ್, ಚೆಂಡು ಒದ್ದು ಒಂಟಿಕಾಲಿನಲ್ಲಿರುವವನು, ಆಕಾಶದಿಂದ ಬೀಳುವ ಚೆಂಡಿಗೆ ಕಾಯುತ್ತಾ ತಲೆ ಎತ್ತಿ ನಿಂತವನು, ಆಗಲೇ ನೆಲಕ್ಕೆ ಬಿದ್ದವನು, ಹಿಂದಿನಿಂದಲೋ ಪಕ್ಕದಿಂದಲೋ ಬರುತ್ತಿರುವ ಬ್ಲಾಕ್ ಕಾಣದವನು. ಇವರನ್ನು ಮುಟ್ಟಲೇಬಾರದು ಎಂದೇನಲ್ಲ. ತಲೆ ಮತ್ತು ಕುತ್ತಿಗೆಗೆ ಜೋರಾಗಿ ಹೊಡೆಯುವ ಹಾಗಿಲ್ಲ, ಹೆಲ್ಮೆಟ್ಟನ್ನು ಆಯುಧ ಮಾಡಿಕೊಳ್ಳುವ ಹಾಗಿಲ್ಲ.

ಲಾರೆನ್ಸ್ ಪ್ರಕರಣ ಬರುವುದು ಇದಕ್ಕೆ ಹತ್ತಿರದಲ್ಲೇ. ಓಡುವವನು ಕಾಲು ಮುಂದೆ ಮಾಡಿ ಜಾರಿದರೆ "ನಾನು ಆಟ ಬಿಟ್ಟೆ" ಎಂದರ್ಥ. ಜಾರಲು ಶುರುಮಾಡಿದ ಜಾಗದಲ್ಲೇ ಆಟ ಮುಗಿಯುತ್ತದೆ. ಆಮೇಲೆ ಹೊಡೆಯಬಾರದು. ಜಾರುವುದು ತಡವಾಗಿ ಕಂಡಿತು ಎಂದು ಅಲ್-ಶಾಯಿರ್ ಆಮೇಲೆ ಕ್ಷಮೆ ಕೇಳಿದರು. ಇರಬಹುದು. ಪೂರಾ ವೇಗದಲ್ಲಿ ಬರುವವನಿಗೆ ನಿಲ್ಲಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಹೆಚ್ಚಿನ ತಪ್ಪುಗಳಲ್ಲಿ "ಬೇಕಂತಲೇ ಮಾಡಿದೆಯಾ" ಎಂದು ಅಧಿಕಾರಿ ಕೇಳುವುದೇ ಇಲ್ಲ. ಕಂಡದ್ದನ್ನು ಮಾತ್ರ ನೋಡುತ್ತಾನೆ.

ಈ ರಕ್ಷಣೆಯನ್ನೇ ದಾಳ ಮಾಡಿಕೊಂಡವರೂ ಇದ್ದಾರೆ. 2021ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಕೆನ್ನಿ ಪಿಕೆಟ್ ಜಾರುವಂತೆ ನಟಿಸಿದರು. ಹಿಡಿಯಲು ಬಂದವರು ತಡೆದು ನಿಂತರು. ಪಿಕೆಟ್ ಓಡಿಹೋಗಿ ಅಂಕ ಗಳಿಸಿಯೇ ಬಿಟ್ಟರು. ಕೆಲವೇ ದಿನಗಳಲ್ಲಿ ಕಾಲೇಜು ಆಟದಲ್ಲಿ ಜಾರುವ ನಟನೆಗೆ ತಡೆ ಬಿತ್ತು. ಈಗ ಜಾರುವ ಸೂಚನೆ ಕಂಡರೂ ಸಾಕು, ಅಲ್ಲಿಗೇ ಸೀಟಿ.

ಫ್ಲ್ಯಾಗ್ ಬೀಳದ ಒಂದು ಏಟು

ಇವತ್ತಿನ ನಿಯಮ ಯಾಕೆ ಹೀಗಿದೆ ಎಂದು ತಿಳಿಯಲು 1978ರ ಆಗಸ್ಟ್ 12ಕ್ಕೆ ಹೋಗಬೇಕು. ಓಕ್ಲೆಂಡ್‌ನಲ್ಲಿ ಪಂದ್ಯ. ಆ ವರ್ಷದ ಋತು ಇನ್ನೂ ಶುರುವಾಗಿರಲಿಲ್ಲ, ಬರೀ ತಯಾರಿಯ ಆಟ. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ 26 ವರ್ಷದ ರಿಸೀವರ್ ಡ್ಯಾರಿಲ್ ಸ್ಟಿಂಗ್ಲಿ ಮೈದಾನದ ನಡುವೆ ಅಡ್ಡಲಾಗಿ ಓಡಿದರು. ಎಸೆದ ಚೆಂಡು ಎತ್ತರ ಹೋಯಿತು, ಸಿಗುವಂಥದ್ದಲ್ಲ. ಆದರೂ ಅವರು ನೆಗೆದು ಕೈ ಚಾಚಿದರು. ಇಳಿಯುವ ಹೊತ್ತಿಗೆ ಎದುರಿನಿಂದ ಓಕ್ಲೆಂಡ್ ರೇಡರ್ಸ್‌ನ ಜ್ಯಾಕ್ ಟೇಟಮ್ ಬಂದರು. ಜೋರಾಗಿ ಹೊಡೆಯುವುದಕ್ಕೇ ಹೆಸರಾದವರು. ಎರಡೂ ಮೈ ಅಪ್ಪಳಿಸಿದವು. ಸ್ಟಿಂಗ್ಲಿಯ ಕುತ್ತಿಗೆಯ ಬೆನ್ನುಮೂಳೆ ಜಜ್ಜಿಹೋಯಿತು. ಅಲ್ಲಿಂದಾಚೆಗೆ ಅವರು ನಡೆಯಲಿಲ್ಲ. 2007ರಲ್ಲಿ, 55ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಗಾಲಿಕುರ್ಚಿಯಲ್ಲೇ ಇದ್ದರು. ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದವರಲ್ಲಿ ಎದುರಾಳಿ ತಂಡದ ಕೋಚ್ ಜಾನ್ ಮ್ಯಾಡನ್ ಕೂಡ ಇದ್ದರು.

ಆ ದಿನ ಹಳದಿ ಬಟ್ಟೆ ಬೀಳಲಿಲ್ಲ. ದಂಡ ಇಲ್ಲ, ಅಮಾನತು ಇಲ್ಲ. ಆಗಿನ ನಿಯಮದಂತೆ ಅದು ಸರಿಯಾದ ಏಟು. ರಿಸೀವರ್ ಚೆಂಡಿಗೆ ಕೈ ಚಾಚಿದರೆ ಬೆಲೆ ತೆರಬೇಕು, ಅದನ್ನು ತೆರಿಸುವುದೇ ಟೇಟಮ್‌ನಂಥವರ ಕೆಲಸ ಎಂಬುದು ಆ ಕಾಲದ ಆಟದ ತಿಳಿವಳಿಕೆ. ಇವತ್ತು ಚೆಂಡಿಗೆ ಕೈ ಚಾಚಿದವನು ಮೊದಲನೆಯದಾಗಿ ಆ ರಕ್ಷಣೆಯ ಪಟ್ಟಿಯಲ್ಲಿ ಬರುತ್ತಾನೆ. ಏಟು ತಲೆಗೋ ಕುತ್ತಿಗೆಗೋ ಬಿದ್ದರೆ 15 ಯಾರ್ಡ್, ಕೆಲವೊಮ್ಮೆ ಆಟದಿಂದಲೇ ಹೊರಗೆ.

ಇದರ ಹಿಂದೆ ಒಂದು ವಿಚಿತ್ರ ಸುತ್ತು ಇದೆ. 1905ರಲ್ಲಿ ಕಾಲೇಜು ಫುಟ್ಬಾಲ್‌ನಲ್ಲಿ ಸಾಲುಸಾಲು ಸಾವುಗಳಾದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೇ ಕರೆಸಿ ಮಾತಾಡಿದರು. ಎಲ್ಲರೂ ಒಂದೇ ಕಡೆ ಗುಂಪುಗೂಡಿ ತಳ್ಳಾಡುವುದೇ ಅಪಾಯಕ್ಕೆ ಕಾರಣ ಎಂದು 1906ರಲ್ಲಿ ಹೊಸ ನಿಯಮಗಳು ಬಂದವು. ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿದ್ದು ಆಗಲೇ. ಆಟಗಾರರು ಚದುರಿದರೆ ಗಾಯ ಕಡಿಮೆ ಎಂಬ ಲೆಕ್ಕ. ಗುಂಪು ಚದುರಿತು, ಸರಿ. ಆದರೆ ಗಾಳಿಯಲ್ಲಿ ಕೈ ಚಾಚಿ ಪಕ್ಕೆ ತೆರೆದು ನಿಲ್ಲುವ ರಿಸೀವರ್ ಹುಟ್ಟಿದ್ದೂ ಅದೇ ನಿಯಮದಿಂದ.

ನಿಯಮದ ಹಿಂದೆ ಮುರಿದ ಮೂಳೆ

ಆಮೇಲಿನ ನಿಯಮಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಹೆಚ್ಚುಕಡಿಮೆ ಎಲ್ಲದರ ಹಿಂದೆಯೂ ಒಬ್ಬ ಗಾಯಾಳು ಸಿಗುತ್ತಾನೆ.

ಓಡುವವನ ಕುತ್ತಿಗೆ ಹಿಂದಿನ ಕಾಲರ್ ಒಳಗೆ ಕೈ ಹಾಕಿ ಹಿಂದಕ್ಕೆ ಎಳೆದು ಬೀಳಿಸುವುದಕ್ಕೆ ಹಾರ್ಸ್ ಕಾಲರ್ ಎನ್ನುತ್ತಾರೆ. ಮೈ ಹಿಂದಕ್ಕೆ ಬೀಳುತ್ತದೆ, ಕಾಲು ಕೆಳಗೆ ಮಡಚಿ ಸಿಕ್ಕಿಕೊಳ್ಳುತ್ತದೆ. 2004ರಲ್ಲಿ ಡಲ್ಲಾಸ್‌ನ ರಾಯ್ ವಿಲಿಯಮ್ಸ್ ಹೀಗೆ ಎಳೆದು ಹಲವರಿಗೆ ಗಾಯವಾಯಿತು. ಹೆಸರಾಂತ ರಿಸೀವರ್ ಟೆರೆಲ್ ಓವೆನ್ಸ್ ಅವರಲ್ಲೊಬ್ಬರು. 2005ರಲ್ಲಿ ನಿಷೇಧ.

2008ರ ಸೆಪ್ಟೆಂಬರ್, ಋತುವಿನ ಮೊದಲ ಪಂದ್ಯ. ನೆಲಕ್ಕೆ ಬಿದ್ದಿದ್ದ ಬರ್ನಾರ್ಡ್ ಪೊಲಾರ್ಡ್ ಅಲ್ಲಿಂದಲೇ ಮುಂದಕ್ಕೆ ಹಾರಿ ಟಾಮ್ ಬ್ರೇಡಿಯ ಕಾಲಿಗೆ ಬಿದ್ದರು. ಬ್ರೇಡಿಯ ಮಂಡಿ ಹರಿದು ಆ ವರ್ಷವೇ ಮುಗಿಯಿತು. ಏಟಿಗೆ ದಂಡ ಇರಲಿಲ್ಲ. 2009ಕ್ಕೆ ಬಂತು: ನೆಲದಲ್ಲಿರುವವನು ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಹಾರುವ ಹಾಗಿಲ್ಲ. ಅದೇ 2008ರಲ್ಲಿ ಪಿಟ್ಸ್‌ಬರ್ಗ್‌ನ ಹೈನ್ಸ್ ವಾರ್ಡ್ ಕಣ್ಣಿಗೆ ಬೀಳದ ಕಡೆಯಿಂದ ಬ್ಲಾಕ್ ಮಾಡಿ ಕೀತ್ ರಿವರ್ಸ್ ಎಂಬ ಹೊಸ ಆಟಗಾರನ ದವಡೆ ಮುರಿದರು. ಅದಕ್ಕೂ ಫ್ಲ್ಯಾಗ್ ಇಲ್ಲ. 2009ರಲ್ಲಿ ಅಂಥ ಬ್ಲಾಕ್‌ನಲ್ಲಿ ತಲೆಗೆ ಹೊಡೆಯುವುದು ತಪ್ಪಾಯಿತು. ವಾರ್ಡ್ ಹೆಸರಿನಲ್ಲೇ ಆ ನಿಯಮವನ್ನು ಕರೆಯುತ್ತಾರೆ.

2017ರಲ್ಲಿ ಗ್ರೀನ್ ಬೇ ತಂಡದ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಚೆಂಡು ಎಸೆದಿದ್ದರು. ಆಮೇಲೆ ಎದುರಾಳಿ ಆಂಟನಿ ಬಾರ್ ಬಂದು ರಾಡ್ಜರ್ಸ್ ಅವರನ್ನು ಕೆಡವಿ ಮೇಲೆ ಬಿದ್ದರು, ರಾಡ್ಜರ್ಸ್ ಅವರ ಹೆಗಲಿನ ಮೂಳೆ ಮುರಿಯಿತು. ಮರುವರ್ಷ ಕ್ವಾರ್ಟರ್‌ಬ್ಯಾಕ್ ಮೇಲೆ ಪೂರ್ತಿ ಮೈಭಾರ ಹಾಕಿ ಬೀಳುವುದರ ಮೇಲೆ ಲೀಗ್ ಕಣ್ಣಿಟ್ಟಿತು. ಆ ಋತುವಿನ ಮೊದಲ ವಾರಗಳಲ್ಲಿ ಇದರ ಬಿಸಿ ಎಲ್ಲರಿಗಿಂತ ಜಾಸ್ತಿ ತಟ್ಟಿದ್ದು ರಾಡ್ಜರ್ಸ್ ಅವರದೇ ತಂಡದ ಕ್ಲೇ ಮ್ಯಾಥ್ಯೂಸ್‌ಗೆ! ಮಯಾಮಿಯ ವಿಲಿಯಮ್ ಹೇಯ್ಸ್‌ಗೆ ಇನ್ನೂ ಕೆಟ್ಟದಾಯಿತು. ಕ್ವಾರ್ಟರ್‌ಬ್ಯಾಕ್ ಮೇಲೆ ಭಾರ ಹಾಕಬಾರದು ಎಂದು ಮೈ ತಿರುಗಿಸಲು ಹೋಗಿ ತಮ್ಮದೇ ಮಂಡಿ ಹರಿದುಕೊಂಡರು. ಒಬ್ಬನನ್ನು ಕಾಯುವ ನಿಯಮ ಇನ್ನೊಬ್ಬನ ಮೈಮೇಲೆ ಬರುವುದೂ ಉಂಟು.

ಹಿಪ್ ಡ್ರಾಪ್: ಒಂದು ಟ್ಯಾಕಲ್, ಹತ್ತಿರದಿಂದ

ಈಚಿನ ದೊಡ್ಡ ಜಗಳ ಹಿಪ್ ಡ್ರಾಪ್ ಟ್ಯಾಕಲ್‌ನದು. ಇದನ್ನು ನಿಧಾನಗತಿಯಲ್ಲಿ ನೋಡಬೇಕು.

ಓಡುತ್ತಿರುವವನ ಹಿಂದಿನಿಂದಲೋ ಪಕ್ಕದಿಂದಲೋ ಒಬ್ಬ ಬರುತ್ತಾನೆ. ಎರಡೂ ತೋಳಿನಿಂದ ಸೊಂಟವನ್ನು ತಬ್ಬುತ್ತಾನೆ. ಇಲ್ಲಿಯ ತನಕ ಏನೂ ತಪ್ಪಿಲ್ಲ. ಓಡುವವನು ಭಾರಿ ಆಳು, ಎಳೆದರೂ ನಿಲ್ಲುತ್ತಿಲ್ಲ. ಆಗ ಹಿಡಿದವನು ತನ್ನ ಕಾಲನ್ನು ನೆಲದಿಂದ ಬಿಟ್ಟು, ಸೊಂಟವನ್ನು ತಿರುಗಿಸಿ, ಕುಂಡೆಯ ಭಾರವನ್ನೆಲ್ಲ ಕೆಳಗೆ ಬಿಡುತ್ತಾನೆ. ಆ ಭಾರ ಸೀದಾ ಓಡುವವನ ಹಿಂಗಾಲಿನ ಮೇಲೆ, ಮಂಡಿಯ ಕೆಳಗೆ ಬೀಳುತ್ತದೆ. ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಮೈ ಮುಂದಕ್ಕೆ ಹೋಗುತ್ತಿದೆ. ಹಿಮ್ಮಡಿ ಗಂಟು ಹೊರಳುತ್ತದೆ.

2023ರ ನವೆಂಬರ್‌ನಲ್ಲಿ ಬಾಲ್ಟಿಮೋರ್‌ನ ಮಾರ್ಕ್ ಆಂಡ್ರೂಸ್ ಇಂಥದ್ದೇ ಟ್ಯಾಕಲ್‌ನಲ್ಲಿ ಕಾಲು ಮುರಿದುಕೊಂಡರು. ಹಿಂದಿನಿಂದ ಹಿಡಿದಿದ್ದವರು ಸಿನ್ಸಿನಾಟಿಯ ಲೋಗನ್ ವಿಲ್ಸನ್. ಮಾಮೂಲಿ ಟ್ಯಾಕಲ್‌ಗೆ ಹೋಲಿಸಿದರೆ ಇದರಲ್ಲಿ ಗಾಯದ ಪ್ರಮಾಣ 20ರಿಂದ 25 ಪಟ್ಟು ಹೆಚ್ಚು ಎಂದು ಲೀಗ್ ಲೆಕ್ಕ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ತಂಡಗಳ ಮಾಲೀಕರು ನಿಷೇಧಕ್ಕೆ ಒಪ್ಪಿದರು. ಆಟಗಾರರ ಸಂಘ ಬೇಡ ಎಂದಿತ್ತು. ಅವರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ತಲೆಗೆ ಹೊಡೆಯಬೇಡಿ ಎಂದಿರಿ, ಮಂಡಿಗೆ ಬೇಡ ಎಂದಿರಿ, ಕಾಲರ್ ಹಿಡಿಯಬೇಡಿ ಎಂದಿರಿ. ಹಿಂದಿನಿಂದ ಓಡಿಬರುವವನು ತನಗಿಂತ ದೊಡ್ಡವನನ್ನು ನಿಲ್ಲಿಸುವುದು ಹೇಗೆ, ಹೇಳಿ?

ನಿಯಮದ ಮಾತು ಬಿಗಿಯಾಗಿದೆ. ತಬ್ಬಿ ಹಿಡಿದಿರಬೇಕು, ಸೊಂಟ ತಿರುಗಿಸಿ ಭಾರ ಬಿಟ್ಟಿರಬೇಕು, ಆ ಭಾರ ಕಾಲಿನ ಮೇಲೆ ಬಿದ್ದು ಸಿಕ್ಕಿಸಿರಬೇಕು. ಒಂದು ಅಂಶ ಇಲ್ಲದಿದ್ದರೂ ಅದು ಸರಿಯಾದ ಟ್ಯಾಕಲ್. ಅರೆಕ್ಷಣದಲ್ಲಿ ಇಷ್ಟನ್ನೂ ಕಣ್ಣಲ್ಲಿ ಹಿಡಿಯುವುದು ಅಧಿಕಾರಿಗೆ ಕಷ್ಟ. ಹಾಗಾಗಿ ಮೈದಾನದಲ್ಲಿ ಇದಕ್ಕೆ ಹಳದಿ ಬಟ್ಟೆ ಬೀಳುವುದು ಅಪರೂಪ. ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿ ಜುಲ್ಮಾನೆಯ ಪತ್ರ ಕಳಿಸುವುದೇ ಹೆಚ್ಚು.

ತಪ್ಪು ಬೇರೆ, ಡರ್ಟಿ ಬೇರೆ

ಅಭಿಮಾನಿಗಳು ಈ ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಅದರಲ್ಲೂ ಏಟು ತಮ್ಮ ತಂಡದವನಿಗೆ ಬಿದ್ದಾಗ.

ಬ್ಲಾಕ್ ಮಾಡುವಾಗ ಎದುರಾಳಿಯ ಅಂಗಿ ಹಿಡಿದೆಳೆಯುವುದು ತಪ್ಪು, 10 ಯಾರ್ಡ್ ದಂಡ. ಪ್ರತಿ ಪಂದ್ಯದಲ್ಲೂ ಆಗುತ್ತದೆ. ಅದಕ್ಕೆ ಯಾರೂ ಯಾರನ್ನೂ ಕೊಳಕು ಆಟಗಾರ ಅನ್ನುವುದಿಲ್ಲ. ಇದಕ್ಕೆ ಉಲ್ಟಾ ಕೂಡ ಇದೆ. ಎದುರಾಳಿಯ ತೊಡೆ, ಮಂಡಿಗೆ ಹಾರಿ ಬೀಳಿಸುವ ಕಟ್ ಬ್ಲಾಕ್‌ಗೆ ಕೆಲವು ಸಂದರ್ಭಗಳಲ್ಲಿ ಇನ್ನೂ ಒಪ್ಪಿಗೆ ಇದೆ, ಆದರೆ ಅದನ್ನು ಎದುರಿಸುವವರು ಹಲ್ಲು ಕಡಿಯುತ್ತಾರೆ. ಇಬ್ಬರು ಸೇರಿ, ಒಬ್ಬ ಮೇಲೆ ಹಿಡಿದು ಇನ್ನೊಬ್ಬ ಕೆಳಗೆ ಕಾಲಿಗೆ ಹೊಡೆಯುವ ಚಾಪ್ ಬ್ಲಾಕ್ ಅನ್ನು 2016ರಲ್ಲಿ ಪೂರ್ತಿ ನಿಲ್ಲಿಸಿದರು.

ಡರ್ಟಿ ಎನ್ನುವುದು ಬೇರೆಯೇ ಜಾತಿ. ಅದಕ್ಕೂ ಆಟಕ್ಕೂ ಸಂಬಂಧವೇ ಇರುವುದಿಲ್ಲ. 2006ರ ಅಕ್ಟೋಬರ್‌ನಲ್ಲಿ ಟೆನಸ್ಸಿಯ ಆಲ್ಬರ್ಟ್ ಹೇನ್ಸ್‌ವರ್ತ್, ಹೆಲ್ಮೆಟ್ ಕಳಚಿ ನೆಲಕ್ಕೆ ಬಿದ್ದಿದ್ದ ಡಲ್ಲಾಸ್‌ನ ಆಂಡ್ರೆ ಗುರೋಡ್ ಅವರ ಮುಖದ ಮೇಲೆ ಬೂಟಿನಿಂದ ತುಳಿದರು. ಮುಖಕ್ಕೆ ಹೊಲಿಗೆ ಹಾಕಬೇಕಾಯಿತು, ತುಳಿದವರಿಗೆ ಐದು ಪಂದ್ಯ ಅಮಾನತು. 2019ರ ನವೆಂಬರ್‌ನಲ್ಲಿ ಕ್ಲೀವ್‌ಲೆಂಡ್‌ನ ಮೈಲ್ಸ್ ಗ್ಯಾರೆಟ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಕಿತ್ತು ಅದರಿಂದಲೇ ಅವರ ತಲೆಗೆ ಬೀಸಿದರು. ಆ ಋತುವಿನ ಉಳಿದ ಆರೂ ಪಂದ್ಯ ಹೋಯಿತು. ಇಲ್ಲಿ ನಿಯಮಪುಸ್ತಕ ತೆರೆದು ನೋಡುವ ಅಗತ್ಯವೇ ಇಲ್ಲ, ಅಲ್ವಾ?

ಕಷ್ಟ ಇರುವುದು ನಡುವಿನ ಜಾಗದಲ್ಲಿ. ಒಬ್ಬ ಆಟಗಾರನ ಒಂದು ಏಟು ಅಚಾತುರ್ಯ ಇರಬಹುದು. ಅದೇ ಥರದ ಏಟು ವರ್ಷವರ್ಷವೂ ಬಿದ್ದರೆ? ವಾಂಟೇಜ್ ಬರ್ಫಿಕ್ಟ್ 2016ರ ಜನವರಿಯಲ್ಲಿ ಆಂಟೋನಿಯೊ ಬ್ರೌನ್ ತಲೆಗೆ ಹೊಡೆದು ಮೂರು ಪಂದ್ಯ ಕಳೆದುಕೊಂಡರು. 2019ರ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬರಿಗೆ ಹೆಲ್ಮೆಟ್‌ನಿಂದ ಗುದ್ದಿದಾಗ ಋತುವಿನ ಉಳಿದ 12 ಪಂದ್ಯಗಳಿಗೂ ಅಮಾನತು ಮಾಡಿದರು. ಆ ಒಂದು ಏಟನ್ನೇ ಬಿಡಿಯಾಗಿ ನೋಡಿದರೆ ಅಷ್ಟು ಶಿಕ್ಷೆ ಬರುತ್ತಿರಲಿಲ್ಲ. ಹಳೆಯ ಕಡತವೂ ಜೊತೆಗೆ ತೂಗಿತು.

ಗಾಯಕ್ಕೆ ಬಹುಮಾನ

ಮೈದಾನದ ಅಧಿಕಾರಿ ಉದ್ದೇಶ ಕೇಳುವುದಿಲ್ಲ ಎಂದೆನಲ್ಲ, ಲೀಗ್ ಕೇಳುತ್ತದೆ. 2012ರಲ್ಲಿ ಕೇಳಿತು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ 2009ರಿಂದ 2011ರವರೆಗೆ ಒಂದು ಹಣದ ಗಂಟು ಇತ್ತು ಎಂದು ಲೀಗಿನ ತನಿಖೆ ಹೇಳಿತು. ಎದುರಾಳಿಯನ್ನು ಹೊತ್ತುಕೊಂಡು ಹೋಗುವಂತೆ ಮಾಡಿದರೆ 1,000 ಡಾಲರ್. ಅವನು ಆ ಪಂದ್ಯಕ್ಕೆ ವಾಪಸೇ ಬರದಂತೆ ಮಾಡಿದರೆ 1,500. ಕೋಟಿಗಟ್ಟಲೆ ಸಂಬಳದವರಿಗೆ ಇದು ಚಿಲ್ಲರೆ. ಆಸೆ ಇದ್ದದ್ದು ಹಣಕ್ಕಿಂತ ಜಂಬಕ್ಕೆ.

ಗಮನಿಸಬೇಕಾದ್ದು ಇದು: ಎದುರಾಳಿಯನ್ನು ಹೊತ್ತುಕೊಂಡು ಹೋಗುವಂತೆ ಮಾಡಲು ನಿಯಮ ಮುರಿಯಲೇಬೇಕೆಂದಿಲ್ಲ. ನಿಯಮದೊಳಗಿನ ಏಟಿಗೂ ಆ ಬಹುಮಾನ ಸಿಗಬಹುದಿತ್ತು. ಏಟು ಸರಿ, ಅದರ ಹಿಂದಿನ ಮನಸ್ಸು ಸರಿಯಿಲ್ಲ. ಇದನ್ನು ಅಳೆಯಲು 15 ಯಾರ್ಡ್ ದಂಡ ಸಾಲದು. ಮುಖ್ಯ ಕೋಚ್ ಶಾನ್ ಪೇಟನ್ 2012ರ ಇಡೀ ಋತು ಹೊರಗುಳಿದರು. ರಕ್ಷಣಾ ವಿಭಾಗದ ಕೋಚ್ ಗ್ರೆಗ್ ವಿಲಿಯಮ್ಸ್‌ಗೆ ಅನಿರ್ದಿಷ್ಟ ಅಮಾನತು. ತಂಡಕ್ಕೆ 5 ಲಕ್ಷ ಡಾಲರ್ ದಂಡ. ನಾಲ್ವರು ಆಟಗಾರರಿಗೂ ಅಮಾನತಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೀಗಿನ ಹಿಂದಿನ ಮುಖ್ಯಸ್ಥ ಪಾಲ್ ಟ್ಯಾಗ್ಲಿಯಬೂ ಮೇಲ್ಮನವಿ ಕೇಳಿ ಆಟಗಾರರ ಶಿಕ್ಷೆಯನ್ನು ರದ್ದು ಮಾಡಿದರು. ತಪ್ಪಿನ ಹೆಚ್ಚಿನ ಹೊಣೆ ಕೋಚ್‌ಗಳದು ಎಂಬುದು ಅವರ ತೀರ್ಮಾನವಾಗಿತ್ತು.

ದಂಡದ ಮೆಟ್ಟಿಲುಗಳು

ಮೊದಲನೆಯದು ಆ ಕ್ಷಣದ ದಂಡ. ತಂಡ 15 ಯಾರ್ಡ್ ಕಳೆದುಕೊಳ್ಳುತ್ತದೆ. ತಪ್ಪು ರಕ್ಷಣಾ ತಂಡದ್ದಾದರೆ ಎದುರಾಳಿಗೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ. ಪಂದ್ಯ ಕೈತಪ್ಪಲು ಅಷ್ಟು ಸಾಕು. ತೀರಾ ಕೆಟ್ಟದ್ದಾದರೆ ಆಟಗಾರ ಹೊರಗೆ. ಆಮೇಲೆ ಲೀಗಿನವರು ವಿಡಿಯೊ ನೋಡಿ ಜುಲ್ಮಾನೆ ಹಾಕುತ್ತಾರೆ. ಇದಕ್ಕೆ ಮೈದಾನದಲ್ಲಿ ಫ್ಲ್ಯಾಗ್ ಬಿದ್ದಿರಲೇಬೇಕೆಂದಿಲ್ಲ. 2010ರಲ್ಲಿ ಪಿಟ್ಸ್‌ಬರ್ಗ್‌ನ ಜೇಮ್ಸ್ ಹ್ಯಾರಿಸನ್‌ಗೆ ಒಂದೇ ಏಟಿಗೆ 75,000 ಡಾಲರ್ ಬಿತ್ತು. ಜುಲ್ಮಾನೆ ಒಪ್ಪದಿದ್ದರೆ ಮೇಲ್ಮನವಿ ಇದೆ. ಅದನ್ನು ಕೇಳುವವರನ್ನು ಲೀಗ್ ಮತ್ತು ಆಟಗಾರರ ಸಂಘ ಸೇರಿ ನೇಮಿಸುತ್ತವೆ.

ಕಾಲೇಜಿನಲ್ಲಿ ಇನ್ನೂ ಕಟ್ಟುನಿಟ್ಟು. ತಲೆಗೆ ಗುರಿಯಿಟ್ಟ ಏಟಿಗೆ 2013ರಿಂದ ಪಂದ್ಯದಿಂದಲೇ ಹೊರಗೆ ಕಳಿಸುತ್ತಾರೆ. ವಿಡಿಯೊ ನೋಡಿ ಖಚಿತ ಮಾಡಿಕೊಂಡು ಕಳಿಸುವುದರಿಂದ ಆಟ ನಿಲ್ಲುತ್ತದೆ, ಕ್ರೀಡಾಂಗಣ ಪೂರ್ತಿ ದೊಡ್ಡ ಪರದೆಯತ್ತ ಕತ್ತೆತ್ತಿ ಕಾಯುತ್ತದೆ.

ಶಾಲೆಯ ಮೈದಾನದಲ್ಲಿ

ಅಲ್ಲಿರುವ ಕನ್ನಡಿಗ ಅಪ್ಪ ಅಮ್ಮಂದಿರಿಗೆ ಬೇಕಾದ ಭಾಗ ಇದು. ಗಟ್ಟಿ ಪ್ಲಾಸ್ಟಿಕ್ ಹೆಲ್ಮೆಟ್ ಬಂದ ಮೇಲೆ ತಲೆಬುರುಡೆಗೆ ರಕ್ಷಣೆ ಸಿಕ್ಕಿತು, ಜೊತೆಗೆ ತಲೆಯಿಂದಲೇ ಗುದ್ದುವ ಧೈರ್ಯವೂ ಬಂತು. ಹಾಗೆ ಗುದ್ದುವುದನ್ನು ಕೋಚ್‌ಗಳೇ ಕಲಿಸುತ್ತಿದ್ದ ಕಾಲ ಅದು. 1968ರಲ್ಲಿ ಎಲ್ಲ ಹಂತ ಸೇರಿ ಆಟದ ಪೆಟ್ಟಿನಿಂದಲೇ 36 ಜನ ಸತ್ತರು. 1976ರಲ್ಲಿ ಹೈಸ್ಕೂಲು ಮತ್ತು ಕಾಲೇಜುಗಳಲ್ಲಿ ತಲೆಯನ್ನು ಮುಂದೆ ಮಾಡಿ ಗುದ್ದುವುದನ್ನು ನಿಷೇಧಿಸಿದರು. ಕುತ್ತಿಗೆ ಮುರಿದು ಕೈಕಾಲು ಸ್ವಾಧೀನ ಕಳೆದುಕೊಳ್ಳುವವರ ಸಂಖ್ಯೆ ಆ ವರ್ಷ 34 ಇದ್ದದ್ದು 1984ಕ್ಕೆ 5ಕ್ಕೆ ಇಳಿಯಿತು. 1990ರಲ್ಲಿ ಅಂಥ ನೇರ ಸಾವು ಒಂದೂ ಇರಲಿಲ್ಲ. ಹೆಲ್ಮೆಟ್, ಚಿಕಿತ್ಸೆ ಸುಧಾರಿಸಿದ್ದೂ ಇದಕ್ಕೆ ಕಾರಣ. ಆದರೂ ಕಾಗದದ ಮೇಲಿನ ನಿಯಮ ಇಷ್ಟು ಬೇಗ ಕೆಲಸ ಮಾಡಿದ್ದು ಆಟಗಳಲ್ಲಿ ಅಪರೂಪ.

ಹಾಗಾಗಿ ಅಭ್ಯಾಸ ನೋಡಲು ಹೋದರೆ ಮಕ್ಕಳ ಕುತ್ತಿಗೆ ನೋಡಿ. ಟ್ಯಾಕಲ್ ಮಾಡುವಾಗ ತಲೆ ಎತ್ತಿರಬೇಕು, ಎದುರಿನವನು ಕಾಣಬೇಕು, ಮೊದಲು ಭುಜ ತಾಗಬೇಕು. ನೆಲ ನೋಡುತ್ತಾ ನುಗ್ಗುವ ಹುಡುಗ ಎದುರಾಳಿಗಿಂತ ಮೊದಲು ತನ್ನ ಕುತ್ತಿಗೆಗೇ ಕುತ್ತು ತಂದುಕೊಳ್ಳುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಕಾನೂನೇ ಇದೆ: ಋತುವಿನ ಸಮಯದಲ್ಲಿ ಪೂರ್ತಿ ಮೈ ತಾಗುವ ಅಭ್ಯಾಸ ವಾರಕ್ಕೆ ಎರಡೇ ದಿನ, ದಿನಕ್ಕೆ 90 ನಿಮಿಷ ದಾಟುವ ಹಾಗಿಲ್ಲ. ಮಿದುಳಿಗೆ ಪೆಟ್ಟಾಗಿದೆ ಎಂದು ವೈದ್ಯರು ಹೇಳಿದರೆ ಹಂತಹಂತವಾಗಿ ವಾಪಸ್ ಬರಲು ಕನಿಷ್ಠ ಏಳು ದಿನ ಬೇಕು.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಫ್ಲ್ಯಾಗ್ ಫುಟ್ಬಾಲ್ ಇದೆ. ಇಲ್ಲಿ ಫ್ಲ್ಯಾಗ್ ಎಂದರೆ ದಂಡದ ಬಟ್ಟೆಯಲ್ಲ, ಸೊಂಟಕ್ಕೆ ಕಟ್ಟಿಕೊಂಡ ಪಟ್ಟಿ. ಅದನ್ನು ಕಿತ್ತರೆ ಓಡುವವನು ಔಟಾದ ಲೆಕ್ಕ, ಕೆಡವುವ ಮಾತೇ ಇಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆಗೆ ಇದೂ ಇರುತ್ತದೆ, ಒಂದು ಕಡೆಗೆ ಐದೇ ಜನ. ಅಲ್ಲೂ ಹಳದಿ ಬಟ್ಟೆ ಬೀಳುತ್ತದೆ. ಉದಾಹರಣೆಗೆ, ಎದುರಾಳಿಗೆ ಸಿಗದಿರಲಿ ಎಂದು ಓಡುವವನು ತನ್ನ ಸೊಂಟದ ಪಟ್ಟಿಯನ್ನು ಕೈಯಿಂದ ಮುಚ್ಚಿಕೊಂಡರೆ ಅದು ಫೌಲ್.